ಗಾಲಿಮನೆಯ ಮಾವ

ನನ್ನ ಸೋದರಮಾವನಿಗೆ ಕೇಣಿಚಿರದಲ್ಲಿ ಒಳ್ಳೆಯ ಹೆಂಚಿನ ಮನೆಯಿದೆ. ಬಾವಿಯಿದೆ, ಬಾವಿಯಲ್ಲಿ ನೀರೂ ಇದೆ. ಆದರೆ ಆ ಮನೆಯ ಮೇಲೆ ಅವರದೊಂದು ತಕರಾರು ಮಾತ್ರ ಇಂದಿಗೂ ತೀರಿಲ್ಲ: ಅದಕ್ಕೆ ಚಕ್ರಗಳಿಲ್ಲ!

"ಹುಟ್ಟಿದಾಗಿಂದ ಒಂದೇ ಕಡೆ ನಿಂತಿರೋಕೆ ಅದೇನು ಮನೆಯಾ, ಮೈಲಿಗಲ್ಲಾ?" ಎನ್ನುತ್ತಾರೆ.

ಮಾವ ಮಾನಂದವಾಡಿಯಿಂದ ತಿರುನೆಲ್ಲಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಕೆಲಸ ಬಿಟ್ಟ ಮೇಲೆ ಎಲ್ಲರೂ ತೋಟ, ಮೊಮ್ಮಕ್ಕಳು, ಮೊಣಕಾಲು ನೋವು ಎಂದು ಏನಾದರೊಂದು ಹಚ್ಚಿಕೊಂಡರೆ, ಇವರು ಯಾವುದೋ ಶಾಲೆಯ ಹಳೆಯ ವ್ಯಾನು ಕೊಂಡು ತಂದರು. ಸೀಟುಗಳನ್ನು ಕಿತ್ತುಹಾಕಿ ಎರಡು ಮಂಚ, ಗ್ಯಾಸ್ ಒಲೆ, ಪಾತ್ರೆ ತೊಳೆಯಲು ಒಂದು ತೊಟ್ಟಿ ಕೂರಿಸಿದರು. ಕಿಟಕಿಗಳಿಗೆ ಅತ್ತೆಯ ಸೀರೆಯ ಪರದೆ. ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟರು: "ನನ್ನ ಸೀರೆ ಬೇಕಾದ್ರೆ ಊರೂರು ಸುತ್ತಲಿ, ನಾನು ಮಾತ್ರ ಹತ್ತಲ್ಲ."

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಮಾವ ಎಲ್ಲಿಗೆ ಹೋಗುತ್ತಾರೆಂದುಕೊಂಡಿರಿ? ಕಾಶ್ಮೀರಕ್ಕೆ? ಕೊಡೈಕೆನಾಲಿಗೆ? ಅದೆಲ್ಲ ಇಲ್ಲ! ತಿರುನೆಲ್ಲಿಯ ಬೆಟ್ಟಗಳ ಅಡಿಯಲ್ಲಿ, ಇಂಥ ಗಾಲಿಮನೆಗಳನ್ನು ನಿಲ್ಲಿಸಿಕೊಂಡು ತಂಗಲೆಂದೇ ಮಾಡಿರುವ ಪುಟ್ಟ ಕ್ಯಾಂಪೊಂದಿದೆ. ಅಲ್ಲಿಗೆ. ಅಂದರೆ ತಮ್ಮದೇ ಜಿಲ್ಲೆಯಲ್ಲಿ, ತಾವು ಆಯುಷ್ಯವೆಲ್ಲ ಓಡಾಡಿದ ದಾರಿಯ ತುದಿಗೆ. ಪಕ್ಕದ ಮನೆಗೆ ಹೋಗಲು ಹಾಸಿಗೆ ಸುತ್ತಿಕೊಂಡು ಹೊರಟ ಹಾಗೆ!

ಇದೆಲ್ಲ ನಗುವ ವಿಷಯವೇ, ಕಾಫಿಯ ಪ್ರಸಂಗ ನಡೆಯದಿದ್ದರೆ. ಹೋದ ತಿಂಗಳು ಮಾವ ಪಕ್ಕದ ಮನೆಯವರು ಕಾಫಿ ಒಣಗಿಸಲು ಹರವಿದ್ದ ಕಣದೊಳಕ್ಕೇ ವ್ಯಾನು ನುಗ್ಗಿಸಿದರು. "ಹೆಂಗೂ ಕುಟ್ಟಬೇಕಿತ್ತಲ್ಲ, ನಾನೇ ಮಾಡಿಕೊಟ್ಟೆ" ಎಂದು ತೇಲಿಸಿಬಿಟ್ಟರಂತೆ. ಕಣದಲ್ಲಿ ಆಗ ಯಾರೂ ಇರಲಿಲ್ಲ. ಇದ್ದಿದ್ದರೆ?

ಅಮ್ಮ ನನ್ನನ್ನು ಕರೆದು ಬಾಗಿಲು ಹಾಕಿದಳು. "ಕಣ್ಣು ಮಂಜಾಗಿದೆ ಅಂತ ನಿಮ್ಮತ್ತೆಗೆ ಅನುಮಾನ. ಡಾಕ್ಟರ ಹತ್ರ ಹೋಗು ಅಂದ್ರೆ ಹಾರಾಡ್ತಾನೆ. ನೀನು ಜೊತೆಗೆ ಹೋಗಿ ನೋಡು. ನಿಜವೇ ಆದ್ರೆ ವ್ಯಾನಿನ ಕೀ ಈಸ್ಕೊಂಡೇ ಬಾ. ಇಲ್ಲಾಂದ್ರೆ ಒಂದಿನ ಯಾರ ಮೇಲಾದ್ರೂ ಹತ್ತಿಸಿಬಿಡ್ತಾನೆ."

ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವಳು ನಾನು. ಗೂಢಚಾರಿಕೆಗೆ ಅದೇ ಅರ್ಹತೆಯಾಯಿತು. ಎಂ.ಎಸ್ಸಿ. ಓದಿದ್ದಕ್ಕೆ ಕೊನೆಗೂ ಕೆಲಸ ಸಿಕ್ಕಿತು! ಆದರೆ ಇದೆಂಥ ಪರೀಕ್ಷೆ ನೋಡಿ. ಒಬ್ಬನಿಗೆ ಈಜು ಬರುತ್ತದೋ ಇಲ್ಲವೋ ತಿಳಿಯಲು ಅವನ ಬೆನ್ನೇರಿಯೇ ಹೊಳೆ ದಾಟಬೇಕು. ನನಗೂ ಲೈಸೆನ್ಸ್ ಇದೆ. "ನಾನೇ ಓಡಿಸಲಾ ಮಾವ?" ಎಂದು ಕೇಳಿಯೂ ನೋಡಿದೆ.

"ನೀನು ಪೇಪರ್ ಮೇಲಿನ ಡ್ರೈವರು ಮೋಳೇ. ಸುಮ್ನೆ ಕೂತ್ಕೋ." ನಮ್ಮ ಕಡೆಯ ಮಲಯಾಳಂನಲ್ಲಿ ಮೋಳೇ ಎಂದರೆ ಮಗಳೇ.

ಕೂತೆ. ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಮಾನಂದವಾಡಿಯವರೆಗೆ ಏನೂ ಆಗಲಿಲ್ಲ. ಅಲ್ಲಿಂದ ಮುಂದೆ ಅವರ ಹಳೆಯ ದಾರಿ ಶುರುವಾಯಿತು. ನೋಡುತ್ತೇನೆ, ಪ್ರತಿಯೊಂದು ಬಸ್ ಸ್ಟಾಪಿನಲ್ಲೂ ವ್ಯಾನು ನಿಲ್ಲುತ್ತಿದೆ! ಯಾಕೆಂದು ಕೇಳಿದರೆ, "ನಾನಲ್ಲ, ಕಾಲು ನಿಲ್ಲಿಸ್ತದೆ" ಎಂದರು. ಒಂದು ಸ್ಟಾಪಿನಲ್ಲಿ ಬಾಳೆಗೊನೆ ಹಿಡಿದ ಅಜ್ಜಿಯೊಬ್ಬರು ಬಾಗಿಲು ತೆಗೆದು ಹತ್ತಿಯೇಬಿಟ್ಟರು. ಮಂಚದ ಮೇಲೆ ಕೂತು ಸುತ್ತ ಕಣ್ಣಾಡಿಸಿದರು.

"ಮೋನೇ, ಈ ಬಸ್ಸಲ್ಲಿ ಅಡುಗೆಮನೆ ಯಾವಾಗ ಮಾಡಿದ್ರು?"

"ಈಚೆಗೇ ಅಮ್ಮಚ್ಚೀ. ಎಲ್ಲಿಗೆ?"

"ತೃಶ್ಶಿಲೇರಿಗೆ. ಕಾಟಿಕುಳದಲ್ಲಿ ಇಳಿಸು ಸಾಕು. ಅಲ್ಲ, ಒಲೆ ಇದೆ, ಒಂದು ಚಾಯ ಇಲ್ವಾ?"

ಚಾಯವೂ ಆಯಿತು! ಕಾಟಿಕುಳದಲ್ಲಿ ಇಳಿದ ಅಜ್ಜಿ, ಬಸ್ಸು ಚೆನ್ನಾಗಿದೆ, ಕಂಡಕ್ಟರಮ್ಮನಿಗೆ ಮಾತ್ರ ಮುಖದಲ್ಲಿ ನಗುವಿಲ್ಲ ಎಂದು ತೀರ್ಪು ಕೊಟ್ಟು ಹೋದರು.

ನಗು ಎಲ್ಲಿಂದ ಬರಬೇಕು? ನಾನು ಆಗಲೇ ಪರೀಕ್ಷೆ ಆರಂಭಿಸಿದ್ದೆ. ಕಾಡು ಶುರುವಾಗುವಲ್ಲಿ ದೊಡ್ಡ ಬೋರ್ಡೊಂದು ಕಂಡಿತು.

"ಮಾವ, ಅದರಲ್ಲಿ ಏನು ಬರೆದಿದೆ?"

"ಆನೆ ದಾಟುವ ಜಾಗ, ನಿಧಾನವಾಗಿ ಚಲಿಸಿ" ಎಂದು ಮಾವ ತಡವರಿಸದೆ ಓದಿದರು.

ಬೋರ್ಡಿನಲ್ಲಿ ರೇಷ್ಮೆಸೀರೆ ಉಟ್ಟ ಮದುಮಗಳೊಬ್ಬಳು ನಗುತ್ತಿದ್ದಳು. ಮಾನಂದವಾಡಿಯ ಯಾವುದೋ ಬಟ್ಟೆ ಅಂಗಡಿಯ ಜಾಹೀರಾತು. ಮಾವ ಓದಿದ್ದು ಅಲ್ಲಿ ಹಿಂದೆಂದೋ ಇದ್ದ ಬೋರ್ಡನ್ನು! ಅಂದರೆ ಇಷ್ಟು ಹೊತ್ತೂ ಅವರು ರಸ್ತೆಯನ್ನು ನೋಡಿ ಓಡಿಸುತ್ತಿರಲಿಲ್ಲ, ನೆನಪಿಸಿಕೊಂಡು ಓಡಿಸುತ್ತಿದ್ದರು. ತಿರುವುಗಳೇನೋ ನೆನಪಿನಲ್ಲಿರುತ್ತವೆ. ಆದರೆ ಇವತ್ತು ಹೊಸದಾಗಿ ರಸ್ತೆಗೆ ಬಂದು ನಿಂತ ಹಸು?

ಹಸು ಬರಲಿಲ್ಲ. ಕ್ಯಾಂಪು ಬಂತು. ಇಳಿಜಾರಿನಲ್ಲಿ ನಾಲ್ಕಾರು ಗಾಡಿ ನಿಲ್ಲುವಷ್ಟು ಜಾಗ, ಒಂದು ನಲ್ಲಿ, ಬಿದಿರಿನ ಅಡುಗೆ ಚಪ್ಪರ, ಸುತ್ತ ಆನೆ ಬಾರದಂತೆ ತೋಡಿದ ಕಂದಕ, ಅದರಾಚೆ ಬೇಲಿ. ಬೇಲಿಯ ಆಚೆಯಿಂದ ಕಾಡು, ಕಾಡಿನ ಮೇಲೆ ಬೆಟ್ಟ. ನಡೆಸುವವರು ಜಯಕ್ಕ, ಅವರ ಅಜ್ಜನ ಕಾಲದಲ್ಲಿ ಹೆಗ್ಗಡದೇವನಕೋಟೆ ಕಡೆಯಿಂದ ಬಂದ ಮನೆತನ. ಮಾವನನ್ನು ಕಂಡೊಡನೆ, ಅಣ್ಣನನ್ನು ಕರೆಯುವ ಸಲಿಗೆಯಲ್ಲಿ, "ಬಂದ್ರಾ ಡ್ರೈವರ್ ಚೇಟ್ಟಾ? ಈ ಸಲ ನಲ್ಲಿ ಉಳಿಸ್ತೀರಾ?" ಎಂದರು. ಹೋದ ಸಲ ನಲ್ಲಿಗೆ ಏನಾಗಿತ್ತೆಂದು ನಾನು ಕೇಳಲಿಲ್ಲ.

ಗಾಲಿಮನೆ ಸಮತಟ್ಟಾಗಿ ನಿಲ್ಲಬೇಕು. ಇಲ್ಲದಿದ್ದರೆ ಮಲಗಿದವರು ಬೆಳಗಾಗುವಷ್ಟರಲ್ಲಿ ಬಾಗಿಲ ಹತ್ತಿರ ಇರುತ್ತಾರೆ. ಪಕ್ಕದಲ್ಲಿ ಕೊಚ್ಚಿಯ ದಂಪತಿಗಳು ತಮ್ಮ ಬಿಳಿಯ ಭವ್ಯ ಗಾಡಿಯನ್ನು ಮೊಬೈಲಿನಲ್ಲಿ ಅಳೆದು ನಿಲ್ಲಿಸಿದ್ದರು. (ಮಾವ ಅದನ್ನು ಆಂಬುಲೆನ್ಸ್ ಎಂದುಕೊಂಡು, "ಯಾರಿಗೆ ಹುಷಾರಿಲ್ಲ?" ಎಂದು ವಿಚಾರಿಸಿದರು.) ನಮ್ಮ ಪದ್ಧತಿ ಬೇರೆ. ಮಾವ ತಟ್ಟೆಯಲ್ಲಿ ಸಾರು ಹೊಯ್ದು ವ್ಯಾನಿನ ನೆಲದ ಮೇಲೆ ಇಟ್ಟರು.

"ಯಾವ ಕಡೆ ಓಡ್ತು?"

"ನಿಮ್ಮ ಕಡೆ."

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟರು. "ಈಗ?"

"ನನ್ನ ಕಡೆ."

ಸಾರು ನಿಂತಲ್ಲೇ ನಿಲ್ಲುವಷ್ಟರಲ್ಲಿ ತಣ್ಣಗಾಗಿತ್ತು, ಅದನ್ನೇ ಉಂಡೆವು. ಪ್ರತಿಸಲವೂ ನನ್ನನ್ನೇ ಕೇಳಿದರಲ್ಲ, ತಟ್ಟೆ ಅವರ ಮುಂದೆಯೇ ಇತ್ತಲ್ಲ, ಎಂದು ಹೊಳೆದದ್ದು ಉಂಡ ಮೇಲೆ.

ಮಧ್ಯಾಹ್ನವೆಲ್ಲ ಕೀ ಕೇಳುವ ಮಾತನ್ನು ನಾಲಿಗೆಯ ತುದಿಗೆ ತಂದು ನುಂಗಿದೆ. ಬೇರೆ ಏನಾದರೂ ಕೇಳೋಣವೆಂದು, "ಇಲ್ಲಿಗೇ ಯಾಕೆ ಬರ್ತೀರಿ ಮಾವ?" ಎಂದೆ.

"ತಿರುನೆಲ್ಲಿ ದೇವಸ್ಥಾನದ ಹತ್ರ ಜನ ಇಳಿಸಿ, ಒಂದು ಚಾಯ ಕುಡಿದು, ಗಾಡಿ ತಿರುಗಿಸ್ಕೊಂಡು ಹೋಗೋದೇ ಆಯ್ತು. ಪೂಜೆಗೆ ಬಂದೋರು, ಪಿಂಡ ಬಿಡೋರು, ಎಲ್ರೂ ನೋಡಿದ್ರು ಈ ಬೆಟ್ಟಾನ. ನನಗೆ ಬರೀ ಬಸ್ಸಿನ ಕನ್ನಡೀಲಿ ಕಂಡಿದ್ದು. ರಿಟೈರ್ ಆದ್ಮೇಲೆ ಕೂತು ನೋಡ್ತೀನಿ ಅಂತ ಅಂದ್ಕೊಂಡಿದ್ದೆ."

ಹಾಗೆಂದು ಬೆಟ್ಟದತ್ತ ಮುಖ ಮಾಡಿ ಕೂತರು. ನಾನು ಬೆಟ್ಟವನ್ನು ನೋಡಲಿಲ್ಲ, ಅವರ ಕಣ್ಣುಗಳನ್ನೇ ನೋಡುತ್ತಿದ್ದೆ.

ಸಂಜೆ ಬೆಳಕು ಕಂದುವ ಹೊತ್ತಿಗೆ ಮಾವ ಥಟ್ಟನೆ ಎದ್ದು ನಿಂತರು.

"ಯಾವನಪ್ಪ ಅವನು? ಬೇಲಿ ಪಕ್ಕ ಲಾರಿ ತಂದು ನಿಲ್ಲಿಸಿದ್ದಾನೆ! ಲೈಟೂ ಹಾಕಿಲ್ಲ!"

ತಿರುಗಿದೆ. ಬೇಲಿಯಾಚೆ ನಿಂತದ್ದು ಲಾರಿಯಲ್ಲ. ಲಾರಿಗೆ ಸೊಂಡಿಲು ಇರುವುದಿಲ್ಲ.

ಈ ಸೀಮೆಯಲ್ಲಿ ಆನೆ ಕಂಡರೆ ಹಾರ್ನ್ ಹಾಕಬಾರದು, ಕೂಗಬಾರದು, ನಿಂತಲ್ಲೇ ನಿಲ್ಲಬೇಕು ಎಂದು ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ನನಗೆ ಅದನ್ನು ಕಲಿಸಿದವರೇ ಮಾವ! ಅವರು ಲುಂಗಿ ಎತ್ತಿ ಕಟ್ಟಿಕೊಂಡು ದಾಪುಗಾಲು ಹಾಕುತ್ತಾ ಅದರತ್ತಲೇ ನಡೆದರು.

"ಏಯ್! ಹೊಸಬನಾ ನೀನು? ಪಾರ್ಕಿಂಗ್ ಲೈಟ್ ಹಾಕೋ!"

ಆನೆ ಕಿವಿ ಬೀಸಿತು.

"ಟಾರ್ಪಾಲೂ ಸರಿಯಾಗಿ ಕಟ್ಟಿಲ್ಲ ನೋಡು, ಹೆಂಗೆ ಹಾರಾಡ್ತಿದೆ!"

ಕೊಚ್ಚಿಯ ದಂಪತಿಗಳು ತಮ್ಮ ಗಾಡಿ ಹೊಕ್ಕು ಬಾಗಿಲು ಹಾಕಿಕೊಂಡದ್ದು ಕೇಳಿಸಿತು. ನಾನು ಓಡಿದೆ. ಮಾವ ಕಂದಕದ ಅಂಚಿಗೆ ಇನ್ನೇನು ಹೆಜ್ಜೆ ಇಡಬೇಕು, ಅವರ ಅಂಗಿಯನ್ನು ಹಿಂದಿನಿಂದ ಹಿಡಿದು ಜಗ್ಗಿದೆ. ಅಷ್ಟರಲ್ಲಿ ಜಯಕ್ಕ ಬಂದು ಅವರ ರಟ್ಟೆ ಹಿಡಿದು, ತಗ್ಗಿದ ದನಿಯಲ್ಲಿ, "ಬನ್ನಿ ಚೇಟ್ಟಾ, ಅವನಿಗೆ ನಾನು ಹೇಳ್ತೀನಿ. ಚಾಯ ಆರ್ತದೆ" ಎಂದರು. ಮೂವರೂ ಹಿಂದು ಹಿಂದಕ್ಕೇ ನಡೆದೆವು. ಆನೆ ನಮ್ಮನ್ನು ಸ್ವಲ್ಪ ಹೊತ್ತು ನೋಡಿ, ಇವರ ಜೊತೆ ಜಗಳವಾಡಿ ಗಿಟ್ಟದು ಎಂಬಂತೆ ಕಾಡಿನೊಳಕ್ಕೆ ಸರಿಯಿತು.

"ಹೋದ್ನಾ?" ಎಂದರು ಮಾವ. "ಹೋದ" ಎಂದೆ. ಅಷ್ಟೇ. ಪರೀಕ್ಷೆ ಮುಗಿದಿತ್ತು. ಫಲಿತಾಂಶ ಹೇಳಬೇಕಾದವಳು ನಾನು.

ಬೆಳಿಗ್ಗೆ ನಾನು ಏಳುವ ಮೊದಲೇ ಮಾವ ಚಪ್ಪರದಲ್ಲಿ ಕೂತಿದ್ದರು. ನನ್ನ ಲೋಟ ತುಂಬಿಸಿಟ್ಟಿದ್ದರು. ಅದರ ಪಕ್ಕದಲ್ಲಿ ವ್ಯಾನಿನ ಕೀ.

"ನಿನ್ನೆ ಅದು ಲಾರಿ ಅಲ್ಲ, ಅಲ್ವಾ?"

"ಅಲ್ಲ."

"ಆಗಲೇ ಯಾಕೆ ಹೇಳಲಿಲ್ಲ?"

"ಹೆದರಿಕೆ ಆಯ್ತು."

"ಆನೆಗೋ, ನನಗೋ?"

ನಾನು ಲೋಟ ಕೈಗೆತ್ತಿಕೊಂಡೆ. ಮಾವ ಕೀಯನ್ನು ನನ್ನ ಕಡೆಗೆ ಸರಿಸಿದರು. "ನಿಮ್ಮಮ್ಮ ಇದಕ್ಕೇ ಕಳಿಸಿದ್ದು ಅಂತ ಗೊತ್ತು ಮೋಳೇ. ಸುಮ್ನೆ ಯಾರಾದ್ರೂ ನನ್ನ ಜೊತೆ ಬರ್ತಾರಾ? ಕಣ್ಣಿನ ಆಪರೇಷನ್‌ಗೆ ಭಯ ಇಲ್ಲ ನನಗೆ. ಡಾಕ್ಟ್ರು ಅಕ್ಷರ ತೋರಿಸಿ ಓದು ಅಂತಾರಲ್ಲ, ಅದೇ ಭಯ. ಓದೋಕಾಗ್ದೆ ಇದ್ರೆ, ಇನ್ನು ಓಡಿಸ್ಬೇಡ ಅಂತ ಅಲ್ಲೇ ಹೇಳಿಬಿಟ್ರೆ?"

"ಕಣ್ಣಿನ ಪೊರೆ ತೆಗೆದ ಮೇಲೆ ಕಾಣಬಹುದು ಮಾವ."

"ಕಾಣಬಹುದು" ಎಂದು ಅವರೂ ಅಂದರು. ನನ್ನ ಮಾತನ್ನು ತೂಗಿ ನೋಡುವವರಂತೆ. ಆಮೇಲೆ, "ಬೆಟ್ಟ ಕಾಣ್ತಿದೆಯಾ ಈಗ?" ಎಂದು ಕೇಳಿದರು.

"ಕಾಣ್ತಿದೆ."

"ಅಷ್ಟೇನಾ? ಹೆಂಗೆ ಕಾಣ್ತಿದೆ?"

ಶಬ್ದಗಳನ್ನು ಎಣಿಸಿ ಬಳಸುವವಳು ನಾನು. ಆ ಬೆಳಿಗ್ಗೆ ನನಗೇ ಗುರುತು ಸಿಗದಷ್ಟು ಮಾತಾಡಿದೆ. ಮಂಜು ಬೆಟ್ಟದ ಸೊಂಟಕ್ಕೆ ಸುತ್ತಿಕೊಂಡಿದೆ ಮಾವ, ನೆತ್ತಿ ಮಾತ್ರ ಹೊರಗಿದೆ ಎಂದೆ. ಎಡಕ್ಕೆ ಹುಲ್ಲು ಒಣಗಿ ಸಿಂಹದ ಬಣ್ಣಕ್ಕೆ ತಿರುಗಿದೆ. ಕಣಿವೆಯಲ್ಲಿ ಮಾತ್ರ ಮರಗಳು ಕಪ್ಪಗೆ, ಒತ್ತೊತ್ತಾಗಿ, ಮೇಲಕ್ಕೆ ಹತ್ತಿ ಹೋಗುತ್ತಿರುವ ಹಾಗಿವೆ. ಬಂಡೆಯೊಂದಕ್ಕೆ ಈಗಷ್ಟೇ ಬಿಸಿಲು ತಾಗಿತು. ಮಾವ ಕಣ್ಣು ಮುಚ್ಚಿಕೊಂಡು, ನಾನು ಹೇಳಿದ ಕಡೆಗೆಲ್ಲ ಮುಖ ತಿರುಗಿಸುತ್ತಿದ್ದರು.

ನಡುವೆ ಅಮ್ಮನ ಫೋನು ಬಂತು.

"ಕೀ ಸಿಕ್ತಾ?"

"ಸಿಕ್ತು."

"ಸದ್ಯ! ಹಾಗಾದ್ರೆ ನೀನೇ ಓಡಿಸ್ಕೊಂಡು ಹೊರಟುಬಿಡು."

ನಾನು ಮಾವನ ಕಡೆ ನೋಡಿದೆ. ಅವರು ಕಣ್ಣು ತೆರೆಯಲಿಲ್ಲ. ಕೈ ಮಾತ್ರ ಎತ್ತಿದರು.

"ನಾಳೆ ಬರ್ತೀವಿ ಅನ್ನು" ಎಂದರು. "ಬೆಟ್ಟ ಇನ್ನೂ ಅರ್ಧ ಬಾಕಿ ಇದೆ."