ಓದಿನ ಅರ್ಧ ಗಂಟೆ

ಓದಜ್ಜಿ ತೀರಿಕೊಂಡ ಸುದ್ದಿ ಶಾಲೆಯ ಮೊದಲ ಗಂಟೆ ಹೊಡೆಯುವ ಮುಂಚೆಯೇ ಬಂತು. ಮೂರನೆಯ ತರಗತಿಯ ಮೇಷ್ಟ್ರು ಕಣ್ಣೊರೆಸಿಕೊಂಡು ತಿರುಗುವಷ್ಟರಲ್ಲಿ ಗಣಿತದ ಮೇಷ್ಟ್ರು ಪೆನ್ಸಿಲ್ ಹಿಡಿದು ವೇಳಾಪಟ್ಟಿಯ ಮುಂದೆ ನಿಂತಿದ್ದರು.

ಮಕ್ಕಳು ‘ಓದಜ್ಜಿ’ ಎಂದು ಕರೆಯುತ್ತಿದ್ದ ಅಜ್ಜಿ ನಿವೃತ್ತ ಶಿಕ್ಷಕಿ. ಆರು ವರ್ಷ, ಯಾರೂ ಕರೆಯದಿದ್ದರೂ, ದಿನವೂ ಬಂದು ಅರ್ಧ ಗಂಟೆ ಚಿಕ್ಕ ಮಕ್ಕಳ ಓದನ್ನು ಕೇಳುತ್ತಿದ್ದರು. ಮೊದಲು ತಾವು ಓದುವರು. ಆಮೇಲೆ ಮಗುವಿನ ಜೊತೆಗೂಡಿ ಓದುವರು. ಕೊನೆಗೆ ಮಗು ಒಂದೇ ಓದುವುದನ್ನು ಕೇಳುವರು. ಮಗು ತಡವರಿಸಿದರೆ ಕಾಯುವರು. ಹಾಗೆ ಕಾಯುವುದನ್ನು ಆ ಶಾಲೆಯಲ್ಲಿ ಬೇರೆ ಯಾರೂ ಕಲಿತಿರಲಿಲ್ಲ.

“ಆ ಅರ್ಧ ಗಂಟೆ ಇನ್ನು ಖಾಲಿ ತಾನೆ? ಲೆಕ್ಕಕ್ಕೆ ಕೊಟ್ಬಿಡಿ ಮೇಡಂ,” ಎಂದರು ಗಣಿತದವರು ಮುಖ್ಯೋಪಾಧ್ಯಾಯಿನಿಗೆ.

“ಅವರನ್ನ ಇನ್ನೂ ಮನೆಯಿಂದ ಎತ್ತಿಲ್ಲ ಕಣ್ರೀ! ನಾಚಿಕೆ ಆಗಲ್ವಾ?” ಮೂರನೆಯ ತರಗತಿಯ ಮೇಷ್ಟ್ರ ಮುಖ ಕಾದ ಹೆಂಚಾಯಿತು. “ಅವರ ಬದಲು ನಾನು ಕೂತು ಕೇಳ್ತೀನಿ.”

ಮುಖ್ಯೋಪಾಧ್ಯಾಯಿನಿ ಕನ್ನಡಕ ಏರಿಸಿದರು. “ಕೂಗಾಡ್ಬೇಡಿ ಮೇಷ್ಟ್ರೇ. ಅದರಿಂದ ಪ್ರಯೋಜನ ಆಗಿದೆ ಅಂತ ತೋರಿಸಿ. ನಿಮ್ಮ ಕ್ಲಾಸಲ್ಲಿ ಎಲ್ಲರಿಗಿಂತ ನಿಧಾನ ಓದೋ ಮಗು ಇವತ್ತು ನಿಮಿಷಕ್ಕೆ ನಲವತ್ತು ಪದ ಓದ್ಲಿ. ಓದದಿದ್ರೆ ಅವಧಿ ರದ್ದು.”

ಎಲ್ಲರಿಗಿಂತ ನಿಧಾನದವಳು ‘ಇರುವೆ’. ಅವಳ ಬೆರಳು ಸಾಲಿನ ಕೆಳಗೆ, ಸಕ್ಕರೆ ಹರಳು ಹೊತ್ತ ಇರುವೆಯಂತೆ ಸಾಗುತ್ತಿದ್ದುದರಿಂದ ಮಕ್ಕಳು ಇಟ್ಟ ಹೆಸರು ಅದು.

ಸ್ಟಾಪ್‌ವಾಚ್ ಇದ್ದದ್ದು ಆಟದ ಮೇಷ್ಟ್ರ ಬಳಿ ಮಾತ್ರ. ಅವರು ಬಂದರು, ಕೊರಳಲ್ಲಿದ್ದ ಸೀಟಿಯೂ ಬಂತು. ಅಭ್ಯಾಸಬಲದಿಂದ ಊದಿಯೇಬಿಟ್ಟರು. ಇರುವೆ ಪುಸ್ತಕವನ್ನು ಬೆಂಚಿನ ಮೇಲಿಟ್ಟವಳೇ ಬಾಗಿಲು ದಾಟಿ ಮೈದಾನದ ಗೋಡೆಯವರೆಗೆ ಓಡಿದಳು.

“ಪರವಾಗಿಲ್ಲ, ಚುರುಕಾಗಿದಾಳೆ!” ಆಟದ ಮೇಷ್ಟ್ರು ಗಡಿಯಾರ ನೋಡಿ ಮೆಚ್ಚಿದರು.

“ರೀ, ಇದು ಓದು! ಕುರಿ ಅಟ್ಟೋ ಕೆಲಸ ಅಲ್ಲ!” ಮೂರನೆಯ ತರಗತಿಯ ಮೇಷ್ಟ್ರು ಗುಡುಗಿದರು.

ಅವಳನ್ನು ಕರೆತಂದು ಮತ್ತೆ ಕೂರಿಸಿದರು. ಈ ಸಲ ಗಣಿತದವರು ಬೆನ್ನ ಹಿಂದೆ ನಿಂತು ಪದಗಳನ್ನು ಗಟ್ಟಿಯಾಗಿ ಎಣಿಸತೊಡಗಿದರು. ಪಾಪ, ಇರುವೆ “ಹಕ್ಕಿ… ಗೂಡು… ಏಳು… ಎಂಟು…” ಎಂದು ಓದಿದಳು.

“ಬಾಯಿ ಮುಚ್ಕೊಂಡು ಎಣಿಸೋಕಾಗಲ್ವೇನ್ರೀ?”

“ಮನಸ್ಸಲ್ಲೇ ಎಣಿಸಿದ್ರೆ ತಪ್ಪಿಹೋಗುತ್ತೆ.”

“ಲೆಕ್ಕದ ಮೇಷ್ಟ್ರಿಗೆ ನಲವತ್ತರವರೆಗೆ ಎಣಿಸೋಕೂ ಬಾಯಿ ಬೇಕಾ?”

ಮೂರನೆಯ ತರಗತಿಯ ಮೇಷ್ಟ್ರು ಮೇಜು ಗುದ್ದಿದರು. ಅದರ ಮೇಲಿದ್ದ ನೀರಿನ ಲೋಟ ನೇರವಾಗಿ, ಎದುರು ಕುಳಿತಿದ್ದ ಮುಖ್ಯೋಪಾಧ್ಯಾಯಿನಿಯ ಮಡಿಲಿಗೆ ಉರುಳಿತು.

“ಮಧ್ಯಾಹ್ನ ಕೊನೇ ಅವಕಾಶ,” ಎಂದು ಅವರು ಬಟ್ಟೆ ಹಿಂಡುತ್ತ ಹೊರಟುಹೋದರು.

“ಸಾರ್, ನಂಗೇ ಬೈದ್ರಾ?” ಇರುವೆ ಪುಸ್ತಕ ಎದೆಗವಚಿಕೊಂಡು ಕೇಳಿದಳು.

ಬೆಳಗಿನಿಂದ ಊರಿನವರ ಮೇಲೆಲ್ಲ ಇದ್ದ ಸಿಟ್ಟು ಆಗ ಮೇಷ್ಟ್ರಿಗೆ ತಮ್ಮ ಮೇಲೆಯೇ ಬಂತು. ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. “ಇಲ್ಲ ಕಣಮ್ಮ, ನಿಂಗಲ್ಲ. ಅಜ್ಜಿ ಓದಿಸ್ತಿದ್ದ ಹಾಗೇ ಓದೋಣ, ಬಾ.”

ಊಟದ ಬಿಡುವೆಲ್ಲ ಹಾಗೆಯೇ ಕಳೆಯಿತು. ಅವರು ಓದಿದರು, ಇಬ್ಬರೂ ಓದಿದರು, ಅವಳು ಓದಿದಳು. ತಡವರಿಸಿದಲ್ಲಿ, ಹುಟ್ಟಿದಾರಭ್ಯ ತಾಳ್ಮೆಯನ್ನೇ ಕಾಣದ ಆ ಮನುಷ್ಯ ಕಾದರು.

ಮಧ್ಯಾಹ್ನ ಮುಖ್ಯೋಪಾಧ್ಯಾಯಿನಿ ಇರುವೆ ಎಂದೂ ಕಾಣದ ಒಂದು ಪುಟ ತೆರೆದು ಕೊಟ್ಟರು. ಸೀಟಿ ಊದಲಿಲ್ಲ. ಯಾರೂ ಗಟ್ಟಿಯಾಗಿ ಎಣಿಸಲಿಲ್ಲ, ಗಣಿತದವರ ತುಟಿಗಳು ಮಾತ್ರ ಸದ್ದಿಲ್ಲದೆ ಆಡುತ್ತಿದ್ದವು. ಇರುವೆ ಓದಿದಳು. ಪೂರ್ಣವಿರಾಮ ಬಂದಲ್ಲಿ ನಿಂತಳು, ಪ್ರಶ್ನೆ ಬಂದಲ್ಲಿ ದನಿ ಏರಿಸಿದಳು, ಒಂದು ಕಡೆ ತಾನೇ ನಕ್ಕಳು.

“ನಲವತ್ತಾರು!” ನಿಮಿಷ ಮುಗಿದೊಡನೆ ಗಣಿತದವರಿಂದ ಲೆಕ್ಕ ಕೇಳಿ ಆಟದ ಮೇಷ್ಟ್ರು ಕೂಗಿದರು. ತರಗತಿಯೆಲ್ಲ ಚಪ್ಪಾಳೆ.

“ಭೇಷ್!” ಮುಖ್ಯೋಪಾಧ್ಯಾಯಿನಿ ಇರುವೆಯ ಕೆನ್ನೆ ತಟ್ಟಿದರು. “ಎಲ್ಲರಿಗಿಂತ ನಿಧಾನದವಳೇ ಇಷ್ಟು ಓದ್ತಾಳೆ ಅಂದ್ರೆ ಇನ್ನು ಓದಿನ ಅವಧಿ ಯಾರಿಗೆ ಬೇಕು? ನಾಳೆಯಿಂದ ಅದು ಲೆಕ್ಕಕ್ಕೆ.”

“ಮೇಡಂ! ಓದದಿದ್ರೆ ರದ್ದು ಅಂದಿದ್ರಿ!”

“ಹೌದು. ಓದಿದ್ರೆ ಉಳಿಸ್ತೀನಿ ಅಂತ ಅಂದಿದ್ನಾ?”

ಸಂಜೆ ಅಜ್ಜಿಯ ಕೊನೆಯ ದರ್ಶನಕ್ಕೆ ಹೋದ ಮೇಷ್ಟ್ರು ಕೈಮುಗಿದು ನಿಂತರು. ಕಚ್ಚಿದ ಹಲ್ಲು ಬಿಡಿಸಿಕೊಳ್ಳುವುದಕ್ಕೇ ಬಹಳ ಹೊತ್ತು ಹಿಡಿಯಿತು.

“ಭಗವಂತಾ, ಇಷ್ಟು ಸಿಟ್ಟು ಹೊತ್ತು ನಿನ್ನ ಮುಂದೆ ನಿಂತಿದೀನಿ, ಕ್ಷಮಿಸು. ಇದನ್ನ ಈಗಲೇ ಆರಿಸಬೇಡ, ನಾಳೆಗೆ ಬೇಕು. ಈ ತಾಯಿಯ ಆತ್ಮಕ್ಕೆ ಮಾತ್ರ ಶಾಂತಿ ಕೊಡಪ್ಪಾ.”