ಮೊಮ್ಮಗಳ ರಕ್ತದಲ್ಲಿ ಬೀಡುಬಿಟ್ಟ ಬೀಗರಿಗೆ

ಮೊಮ್ಮಗಳು ಪ್ರಣಿತಾಳ ಮೈಯಲ್ಲಿ ಸದ್ಯ ಮುಕ್ಕಾಂ ಹೂಡಿರುವ, ತಾಯಿಯ ಕಡೆಯಿಂದ ಬಂದ ಸಮಸ್ತ ಪ್ರತಿಕಾಯಗಳ ಸನ್ನಿಧಿಗೆ,

ಮಾನ್ಯರೇ,

ಕೊರೋಚಿಯ ಮಗ್ಗದವನಾದ ಕಾಡಪ್ಪನು, ಅಂದರೆ ಸದರಿ ಕೂಸಿನ ತಂದೆಯ ತಂದೆಯು, ಮೂಗಿಗೆ ಟವೆಲ್ಲು ಹಿಡಿದುಕೊಂಡು ಕಿಟಕಿಯಾಚೆಯಿಂದಲೇ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಸೊಸೆ ಸಾಕ್ಷಿ ಬಸುರಿಯಿದ್ದಾಗ ಫ್ಲೂ ಸೂಜಿ ಹಾಕಿಸಿಕೊಂಡಳು. ಆ ಪುಣ್ಯದಿಂದ ಹುಟ್ಟಿದ ತಾವು ಹೊಕ್ಕುಳಬಳ್ಳಿ ಹಿಡಿದು, ಟಿಕೀಟಿಲ್ಲದೆ ಕೂಸಿನೊಳಗೆ ದಯಮಾಡಿಸಿದಿರಿ. ಸಂತೋಷ. ಆದರೆ ಗಡಹಿಂಗ್ಲಜದ ತವರಿನಲ್ಲಿ ಬಾಣಂತನ ಮುಗಿದು, ತೊಟ್ಟಿಲ ಶಾಸ್ತ್ರಕ್ಕೆ ಬಂದವರೆಲ್ಲ ತಮ್ಮ ತಮ್ಮ ಊರು ಸೇರಿದ ಮೇಲೂ ತಾವು ಮಾತ್ರ ಹೊರಡುವ ಮಾತೇ ಎತ್ತುತ್ತಿಲ್ಲ. ಕೂಸಿಗೂ ಫ್ಲೂ ಲಸಿಕೆ ಹಾಕಿರೆಂದು ಇಚಲಕರಂಜಿಯ ಡಾಕ್ಟರರಿಗೆ ಕೈಮುಗಿದರೆ, "ಆರು ತಿಂಗಳು ತುಂಬ್ಲಿ ಕಾಕಾ. ತಾಯಿ ಕಡೆಯವು ಇನ್ನೂ ಒಳಗದಾವ, ಈಗ ಹಾಕಿದ್ರ ಲಸಿಕಿ ಸರಿಯಾಗಿ ಹತ್ತಂಗಿಲ್ಲ" ಎಂದರು. ಅಲ್ಲಿಯವರೆಗೆ, ಸದಾ ಕೆಮ್ಮುವ ನಾನು ಕೂಸನ್ನು ಎತ್ತಿಕೊಳ್ಳಕೂಡದೆಂದು ಮನೆಯಲ್ಲಿ ಠರಾವಾಯಿತು. ತಮಗೆ ಅವಳ ಮೈಯೆಲ್ಲ ಮನೆ, ನನಗೆ ಕಿಟಕಿಯ ಸರಳು. ಹೊಟ್ಟೆ ಉರಿಯುತ್ತದೆ, ಮಾನ್ಯರೇ.

ಉಪಚಾರವಿಲ್ಲದೆ ಬೀಗರು ಏಳುವುದಿಲ್ಲವೆಂದು, ತಮ್ಮನ್ನು ಮರ್ಯಾದೆಯಿಂದ ಬೀಳ್ಕೊಡಲು ನನ್ನ ಹೆಂಡತಿ ಹೌಸಾಬಾಯಿ ಅಕ್ಕಿ, ಕೊಬ್ಬರಿ ಬಟ್ಟಲು, ಖಣ ಇಟ್ಟು ಸೊಸೆಯ ಉಡಿ ತುಂಬಿದಳು. ತಾವು ಕದಲಲಿಲ್ಲ. ತನ್ನನ್ನೇ ತವರಿಗೆ ಕಳಿಸುತ್ತಿದ್ದಾರೆಂದು ತಿಳಿದ ಸೊಸೆ ಮಾತ್ರ ಖುಷಿಯಿಂದ ಬ್ಯಾಗು ತುಂಬಿ, ಕೂಸನ್ನು ಎತ್ತಿಕೊಂಡು ಗಡಹಿಂಗ್ಲಜದ ಬಸ್ಸಿಗೆ ಹೊರಟೇಬಿಟ್ಟಳು. "ನಿನಗಲ್ಲವ್ವಾ! ಕೂಸಿನ ರಕ್ತದಾಗ ಕುಂತಾರಲ್ಲ, ಅವರಿಗೆ ತುಂಬೇನಿ ಉಡಿ!" ಎಂದು ಕೂಗುತ್ತ ಹೌಸಾಬಾಯಿ ಬಸ್ಸಿನ ಹಿಂದೆ ಓಡಿದಳು. ಕಂಡಕ್ಟರು ಬಸ್ಸು ನಿಲ್ಲಿಸಿ ನಮ್ಮನ್ನೆಲ್ಲ ಮೇಲಿಂದ ಕೆಳಗೆ ನೋಡಿದ. ಸೊಸೆ ಮೋರೆ ಊದಿಸಿಕೊಂಡು, ಕೂಸಿನೊಂದಿಗೆ ಇಳಿದು ಮನೆಗೆ ಮರಳಿದಳು.

ಅಷ್ಟರಲ್ಲಿ ಫ್ಲೂ ಬಂತು. ನಾನು, ಹೌಸಾಬಾಯಿ, ಮಗ, ಮಜ್ಜಿಗೆ ಕೇಳಲು ಬಂದಿದ್ದ ನೆರೆಮನೆಯ ಮಾಣಿಕಬಾಯಿ, ಎಲ್ಲರೂ ಕಂಬಳಿ ಹೊದ್ದು ನರಳಿದೆವು. ಕೂಸು ಮಾತ್ರ ಕಾಲು ಬಡಿಯುತ್ತ, ನಾವು ಕೆಮ್ಮಿದಾಗಲೆಲ್ಲ ಕೇಕೆ ಹಾಕಿ ನಗುತ್ತಿತ್ತು. ಸೊಸೆ ಅದರ ಹಣೆ ಮುಟ್ಟಿ, "ತಣ್ಣಗೈತ್ರಿ ಮಾಮಾರ!" ಎಂದು ಒಳಗಿನಿಂದ ಕೂಗಿದಾಗಲೆಲ್ಲ ನನಗೆ ಅಳು ಬರುತ್ತಿತ್ತು.

ಆದಕಾರಣ, ತೊಲಗಿರೆಂದು ಬರೆಯಲು ಕುಳಿತ ಈ ಪತ್ರದಲ್ಲಿ ಉಳಿಯಿರೆಂದು ಬೇಡಿಕೊಳ್ಳುವಂತಾಗಿದೆ. ತಾವು ದಿನದಿನಕ್ಕೆ ಸವೆಯುತ್ತಿದ್ದೀರೆಂದು ಡಾಕ್ಟರರು ಹೇಳಿದಂದಿನಿಂದ ನನಗೆ ಸಮಾಧಾನವಿಲ್ಲ. ನಮ್ಮ ಶೆಡ್ಡಿನಲ್ಲಿ ಮುಂದಿನ ಪಾಳಿಯವನು ಬಂದು ನಿಲ್ಲುವತನಕ ಹಿಂದಿನವನು ಮಗ್ಗ ಬಿಡುವಂತಿಲ್ಲ. ತಾವೂ ಲಸಿಕೆ ಬರುವತನಕ ಜಾಗ ಬಿಡಬೇಡಿ. ಅದು ಬಂದ ದಿನ ಜಗಳ ತೆಗೆಯದೆ, ಎಲ್ಲ ತೋರಿಸಿಕೊಟ್ಟು ಹೊರಡಿ. ಆ ಸಲದ ಉಡಿಯನ್ನು, ಗಂಡಸಾದರೂ, ನಾನೇ ತುಂಬುತ್ತೇನೆ.

ಕಿಟಕಿಯಾಚೆ ನಿಂತಿರುವ ತಮ್ಮ ವಿಶ್ವಾಸಿ,
ಕಾಡಪ್ಪ

ತಾ.ಕ.: ಕೂಸನ್ನು ಕಾಪಾಡಿದ್ದು "ನಮ್ಮ ಕಡೆಯವರು" ಎಂದು ಸೊಸೆಯ ತಂದೆ ಬಾಬಾಸಾಹೇಬರು ಗಡಹಿಂಗ್ಲಜದ ತುಂಬ ಸೀನುತ್ತ ಸಾರುತ್ತಿದ್ದಾರಂತೆ. ನಿಜವೇ, ನನ್ನ ತಕರಾರಿಲ್ಲ. ಆದರೆ ತಾವು ಇಷ್ಟು ಮುತುವರ್ಜಿಯಿಂದ ಕಾಯ್ದ ಆ ಮೂಗು ಕೊರೋಚಿಯದೆಂದು ಅವರಿಗೊಂದು ಮಾತು ತಿಳಿಸಿಬಿಡಿ.