ಹಿಮದ ನಾಡಿನ ರಾಜಮಾತೆ

ಮಗಳಿಗೆ ಟಿವಿ ಧಾರಾವಾಹಿಯಲ್ಲಿ ರಾಣಿಯ ಪಾತ್ರ ಸಿಕ್ಕಿತೆಂದರೆ ಯಾವ ಮನೆಯಲ್ಲಾದರೂ ಸಂಭ್ರಮ. ನಮ್ಮ ಮನೆಯಲ್ಲಿ ಮಾತ್ರ ಮಹಾಸಂಗ್ರಾಮ. ನಮ್ಮವರು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು.

"ಆ ಬಾಲರಾಣಿ ಹಿಮದ ನಾಡಿನ ಜನಾಂಗದವಳು ಕಣೇ. ಬೆಣ್ಣೆಯಂಥ ಬಣ್ಣ, ನೆಟ್ಟನೆ ಹೊಂಗೂದಲು. ನಮ್ಮ ಗುಬ್ಬಿ ನನ್ನ ಹಾಗೆ ಕಪ್ಪು, ತಲೆ ತುಂಬ ಗುಂಗುರು. ನಾಳೆ ಮಕ್ಕಳು ಪರೀಕ್ಷೇಲಿ ಏನು ಬರೀಬೇಕು?"

"ಆ ರಾಣಿ ನಮ್ಮ ಭಾಷೇಲಿ ಮಾತಾಡ್ತಾಳಲ್ಲ, ಅದಕ್ಕೇನಂತೀರಿ?"

"ಅದು ನೋಡೋರ ಅನುಕೂಲಕ್ಕೆ."

"ಇದೂ ಅಷ್ಟೇ ಅನ್ಕೊಳ್ಳಿ. ಅವಳು ಅತ್ತರೆ ನೋಡೋರು ಅಳಬೇಕು. ಚರ್ಮ ನೋಡಿ ಯಾರ್ರೀ ಅಳ್ತಾರೆ?"

ನನ್ನ ಸಂಕಟ ನನಗೆ. ಶಾಲೆಯ ನಾಟಕದಲ್ಲಿ ಗುಬ್ಬಿಯನ್ನು ಪ್ರತಿ ವರ್ಷವೂ ಮರ ಮಾಡಿ ನಿಲ್ಲಿಸುತ್ತಿದ್ದರು. (ಹೋದ ವರ್ಷ ಬಡ್ತಿ ಕೊಟ್ಟು ಬಂಡೆ ಮಾಡಿದ್ದರು.) ಮಗು ಕನ್ನಡಿಯ ಮುಂದೆ ಪೌಡರ್ ಡಬ್ಬಿ ಖಾಲಿ ಮಾಡುವುದನ್ನು ನೋಡಿದ ಮೇಲೆ ನನಗೆ ಇತಿಹಾಸ ಏನಾದರೇನು? ನಮ್ಮವರೂ ಅದನ್ನು ನೋಡಿದ್ದರು. ಕೊನೆಗೆ, "ಹೋಗ್ಲಿ, ಪಾಠ ನಾನು ಬೇರೆ ಮಾಡ್ಕೋತೀನಿ" ಎಂದು ಕದನವಿರಾಮ ಘೋಷಿಸಿದರು.

ಶೂಟಿಂಗ್ ದಿನ ಫ್ಲಾಸ್ಕು, ಸ್ವೆಟರು, ಥರ್ಮಾಮೀಟರು ಸಮೇತ ನಾನು ದಂಡೆತ್ತಿ ಹೋದೆ. ರಾಜಮಾತೆಯ ಪಾತ್ರದ ನಟಿ ಇನ್ನೂ ಬಂದಿರಲಿಲ್ಲ. ನಿರ್ದೇಶಕರು, "ನೀವು ಹೇಗೂ ಮಗು ಬಿಟ್ಟು ಕದಲಲ್ಲ. ಒಂದ್ಸಲ ನೀವೇ ಮಾಡಿ ನೋಡಿ. ಚೆನ್ನಾಗಿ ಬಂದ್ರೆ ನೀವೇ ಇರಿ" ಎಂದರು. ಮಾತೇ ಇಲ್ಲದ ದೃಶ್ಯ. ಕಿರೀಟ ತೊಟ್ಟ ಮಗಳನ್ನು ಕಣ್ತುಂಬ ನೋಡಿ ಹಿಂದೆ ಸರಿಯಬೇಕು, ಅಷ್ಟೇ.

ನೋಡಿದೆ. ಕಿರೀಟ ಕಿವಿಯ ಮೇಲೆ ಜಾರಿತ್ತು, ಸರಿಮಾಡಿದೆ. ಮೂಗು ಸೋರುತ್ತಿತ್ತು, ರಾಜಮಾತೆಯ ರೇಷ್ಮೆ ತೋಳಿನಿಂದಲೇ ಒರೆಸಿದೆ. ಹಣೆ ಮುಟ್ಟಿದೆ, ಕೊಂಚ ಬಿಸಿ ಅನ್ನಿಸಿತು. ಕಿವಿಯಲ್ಲಿ, "ಸೂಸೂ ಬಂತೇನೇ?" ಎಂದು ಕೇಳಿದೆ. ಹಾಳು ಮೈಕು! ಇಡೀ ರಾಜಸಭೆಗೆ ಕೇಳಿಸಿತು.

"ಕಟ್!" ನಿರ್ದೇಶಕರು ಹಣೆ ಒತ್ತಿಕೊಂಡರು. "ಮೇಡಂ, ನೀವು ಆ ಕಡೆ ಕೂತ್ಕೊಳ್ಳಿ."

ನನಗೆ ರೇಗಿತು. "ಯಾಕೆ? ನಾನು ಬೆಳ್ಳಗಿದ್ದೀನಿ, ಅವಳ ಬಣ್ಣಕ್ಕೆ ಹೊಂದಲ್ಲ ಅಂತ ತಾನೇ?"

"ಛೆ ಛೆ, ನಮ್ಮಲ್ಲಿ ಬಣ್ಣದ ಯೋಚನೆಯೇ ಇಲ್ಲಮ್ಮ" ಎಂದರು ಅವರು, ಬಹಳ ಗೌರವದಿಂದ. "ನೀವು ತಾಯಿ ಅಂತ ನಂಬೋಕೆ ಆಗ್ತಿಲ್ಲ."

ಅಷ್ಟರಲ್ಲಿ ನಟಿ ಬಂದಳು. ಮದುವೆಯೂ ಆಗದ ಹುಡುಗಿ, ಬಾಯಲ್ಲಿ ಚೂಯಿಂಗ್ ಗಮ್. ಅದನ್ನು ಉಗುಳಿ, ಗುಬ್ಬಿಯನ್ನು ಒಂದೇ ಒಂದು ಸಲ ನೋಡಿದಳು. ಗುಬ್ಬಿಯ ತುಟಿ ಅದುರಿತು, ಗದ್ದ ಮೇಲೆದ್ದಿತು, ಕಣ್ಣಲ್ಲಿ ನೀರು. ಅವಳು ರಾಣಿಯಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಲೈಟ್ ಹಿಡಿದವರೂ ಕಣ್ಣೊರೆಸಿಕೊಂಡರು. ನಾನು ಥರ್ಮಾಮೀಟರ್ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತೆ.

ಬಸ್ಸಿನಲ್ಲಿ ಗುಬ್ಬಿ ಗಂಭೀರವಾಗಿ ಹೇಳಿದಳು: "ಅಮ್ಮಾ, ನೀನು ಯಾವತ್ತೂ ಆ ಆಂಟಿ ಥರ ನನ್ನ ನೋಡೇ ಇಲ್ಲ."

"ಹೇಗೆ ಪುಟ್ಟಿ?"

"ಸುಮ್ನೆ. ಏನೂ ಒರೆಸ್ದೆ."

ರಾತ್ರಿ ಊಟಕ್ಕೆ ಕೂತಾಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಮಗಳನ್ನು ಕಣ್ತುಂಬ ನೋಡಿದೆ. ಅವಳ ಗಲ್ಲಕ್ಕೆ ಅನ್ನ ಮೆತ್ತಿತ್ತು. ಕದಲಲಿಲ್ಲ, ನೋಡುತ್ತಲೇ ಇದ್ದೆ.

ನಮ್ಮವರು ತಟ್ಟೆಯಿಂದ ತಲೆ ಎತ್ತಿದರು.

"ಯಾಕೇ, ಹಲ್ಲುನೋವಾ?"